ಬರೋಲೊ: ಕಾಯುವುದೂ ಒಂದು ಹಟ

ಮೊದಲ ದಿನ: ಆಲ್ಬಾ

ಇಟಲಿಯ ತೂರಿನ್‌ನಿಂದ ಹೊರಟ ರೈಲು ಬ್ರಾ ದಾಟುವವರೆಗೂ ಕಿಟಕಿಯಾಚೆ ಬರೀ ಸಮತಟ್ಟು ನೆಲ, ಮೆಕ್ಕೆಜೋಳದ ಕೂಳೆ, ಗೋದಾಮುಗಳು. ಬ್ರಾ ನಿಲ್ದಾಣದಲ್ಲಿ ತಂಗಿ, "ಫಾಸ್ಟ್ ಫುಡ್ ವಿರುದ್ಧ ಎದ್ದ ಸ್ಲೋ ಫುಡ್ ಚಳವಳಿಯ ತವರು ಇದೇ ಊರು" ಎಂದಳು. ಅವಳು ತೂರಿನ್‌ನ ಕಾರು ಕಂಪನಿಯೊಂದರಲ್ಲಿ ಎಂಜಿನಿಯರ್. ಬರೋಲೊ ವೈನ್ ಹುಟ್ಟುವ ಈ ಕಡೆಯ ಗುಡ್ಡಗಳನ್ನು ನನಗೆ ತೋರಿಸಬೇಕೆಂದು ವರ್ಷಗಳಿಂದ ಹೇಳುತ್ತಿದ್ದಳು. ನಾನು ಬರಲು ಒಪ್ಪಿದ್ದು ಗುಡ್ಡಗಳಿಗಾಗಿ ಅಲ್ಲ. ನಮ್ಮದು ವಿಜಯಪುರ ಜಿಲ್ಲೆಯ ತಿಕೋಟಾ ಸೀಮೆಯ ದ್ರಾಕ್ಷಿ ಬೆಳೆಯುವ ಮನೆ. ಒಂದೇ ಬೆಳೆಯನ್ನು ನಾವು ಒಣಗಿಸಿ ಮಾರುತ್ತೇವೆ, ಇಲ್ಲಿನವರು ಕೊಳೆಸಿ ವೈನ್ ಮಾಡಿ ಮಾರುತ್ತಾರೆ. ನಮ್ಮವರು ಸಾಲದಲ್ಲಿ ಮುಳುಗುತ್ತಾರೆ, ಇವರ ಒಂದು ಎಕರೆಗೆ ಕೋಟಿಗಟ್ಟಲೆ ಬೆಲೆ. ಆ ಲೆಕ್ಕ ಹೇಗೆ ಕೂಡುತ್ತದೆಂದು ನೋಡುವ ಕುತೂಹಲ ನನ್ನದು.

ಅಕ್ಟೋಬರ್ ತಿಂಗಳು. ನಮ್ಮಲ್ಲಿ ಅದು ಚಾಟ್ನಿಯ ಕಾಲ. ಬಳ್ಳಿ ಕತ್ತರಿಸಿ ಹೊಸ ಚಿಗುರಿಗೆ ಕಾಯುವ, ಮಳೆ ಬಂದರೆ ಡೌನಿ ರೋಗವೆಂದು ನಿದ್ದೆಗೆಡುವ ಕಾಲ. ಇಲ್ಲಿ ಅದೇ ತಿಂಗಳು ಸುಗ್ಗಿ. ಆಲ್ಬಾ ನಿಲ್ದಾಣದಲ್ಲಿ ಇಳಿಯುವ ಹೊತ್ತಿಗೆ ಊರಿನಿಂದ ಅಣ್ಣನ ಸಂದೇಶ ಬಂದಿತ್ತು: ಮೋಡ ಕಟ್ಟಿದೆ, ಬೋರ್ಡೋ ದ್ರಾವಣ ಹೊಡೆಸುತ್ತಿದ್ದೇನೆ. ಅದೇ ನೀಲಿ ಮೈಲುತುತ್ತದ ಕಲೆ ಇಲ್ಲಿನ ಎಲೆಗಳ ಮೇಲೂ ಇದ್ದುದನ್ನು ಮರುದಿನ ನೋಡಿದೆ.

ಆಲ್ಬಾ ಕೆಂಪು ಇಟ್ಟಿಗೆಯ ಗೋಪುರಗಳ ಸಣ್ಣ ಪಟ್ಟಣ. 1944ರ ಅಕ್ಟೋಬರ್ 10ರಿಂದ ನವೆಂಬರ್ 2ರವರೆಗೆ ಫ್ಯಾಸಿಸ್ಟರ ಕೈಯಿಂದ ಊರನ್ನು ಕಸಿದುಕೊಂಡು ಆಳಿದ ಗೆರಿಲ್ಲಾ ಹೋರಾಟಗಾರರ ನೆನಪು ಇಲ್ಲಿ ಇನ್ನೂ ಬಿಸಿಯಾಗಿಯೇ ಇದೆ. ಈಗ ಊರನ್ನು ಆಳುತ್ತಿರುವುದು ಮೂಗು. ನೆಲದೊಳಗೆ ಬೆಳೆಯುವ ದುಬಾರಿ ಅಣಬೆಯಾದ ಬಿಳಿ ಟ್ರಫಲ್‌ನ ಜಾತ್ರೆಯ ಸಮಯವಾದ್ದರಿಂದ ಬೀದಿಯ ತುಂಬ ಮಣ್ಣು, ಬೆಳ್ಳುಳ್ಳಿ ಮತ್ತು ಇನ್ನೇನೋ ಬೆರೆತ ವಾಸನೆ. ಗಾಳಿ ತಿರುಗಿದರೆ ಫೆರೇರೊ ಕಾರ್ಖಾನೆಯ ಹುರಿದ ಹೇಜಲ್‌ನಟ್ ಪರಿಮಳ. ನುಟೆಲ್ಲಾ 1964ರಲ್ಲಿ ಹುಟ್ಟಿದ್ದು ಈ ಊರಿನಲ್ಲೇ. ಮಕ್ಕಳು ಬ್ರೆಡ್ಡಿಗೆ ಸವರುವ ಆ ಪದಾರ್ಥಕ್ಕೂ ಬರೋಲೊ ವೈನಿಗೂ ಒಂದು ನಂಟಿದೆ. ಯುದ್ಧದ ನಂತರ ಆಲ್ಬಾ ಸುತ್ತಲಿನ ಈ ಲಾಂಗೆ ಗುಡ್ಡಗಳಲ್ಲಿ ಬಡತನ ಎಷ್ಟಿತ್ತೆಂದರೆ ಜನ ಗುಳೆ ಹೋಗುತ್ತಿದ್ದರು. ಗಟ್ಟಿಮುಟ್ಟಾದವರು ತೂರಿನ್‌ನ ಫಿಯೆಟ್ ಕಾರ್ಖಾನೆ ಸೇರಿದರು. ಫೆರೇರೊ ಮಾತ್ರ ಹಳ್ಳಿಹಳ್ಳಿಗೆ ಬಸ್ ಕಳುಹಿಸಿ, ಕೆಲಸ ಮುಗಿದ ಮೇಲೆ ಜನರನ್ನು ಮನೆಗೆ ಬಿಟ್ಟು ಬರುತ್ತಿತ್ತು. ಹಾಗಾಗಿ ಹೊಲವೂ ಉಳಿಯಿತು, ಸಂಬಳವೂ ಬಂತು. ಮಾರಾಟವಾಗದ ವೈನನ್ನು ನೆಲಮಾಳಿಗೆಯಲ್ಲಿ ಇಟ್ಟುಕೊಂಡು ಕೂರಲು ಎಷ್ಟೋ ಮನೆಗಳಿಗೆ ಸಾಧ್ಯವಾದದ್ದು ಹೀಗೆ ಎಂದು ನನ್ನ ಗುಮಾನಿ.

ರಾತ್ರಿ ಊಟಕ್ಕೆ ತಾಯರೀನ್: ಮೊಟ್ಟೆಯ ಹಳದಿಯನ್ನೇ ಸುರಿದು ನಾದಿದ, ಶಾವಿಗೆಯಷ್ಟು ಸಣ್ಣ ಪಾಸ್ತಾ. ಮೇಲೆ ಬೆಣ್ಣೆ. ಟ್ರಫಲ್ ತುರಿಯನ್ನು ಬೆಲೆ ಕೇಳಿ ಬೇಡವೆಂದೆವು.

ಎರಡನೆಯ ದಿನ: ಬರೋಲೊ

ಬೆಳಿಗ್ಗೆ ಕಣಿವೆಯಲ್ಲಿ ಮಂಜು ತುಂಬಿ ಗುಡ್ಡದ ನೆತ್ತಿಗಳು ಮಾತ್ರ ಕಾಣುತ್ತಿದ್ದವು. ಬಾಡಿಗೆ ಕಾರಿನಲ್ಲಿ ಲಾ ಮೊರ್ರಾಗೆ ಏರಿ, ಅಲ್ಲಿನ ಕಟ್ಟೆಯ ಮೇಲೆ ನಿಂತು ಮಂಜು ಇಳಿಯುವುದನ್ನು ಕಾದೆವು. ಹತ್ತು ಗಂಟೆಯ ಹೊತ್ತಿಗೆ ಸಾಲುಗಳು ಒಂದೊಂದಾಗಿ ಮೂಡಿದವು. ಚಪ್ಪರದ ಕೆಳಗೆ ಓಡಾಡಿ ಬೆಳೆದ ನನಗೆ, ಎದೆಮಟ್ಟದ ತಂತಿಗೆ ಕಟ್ಟಿದ ಈ ಬಳ್ಳಿಗಳು ಮೊದಲ ನೋಟಕ್ಕೆ ಸೊರಗಿದಂತೆ ಕಂಡವು. ಇಲ್ಲಿ ಅದು ಬೇಕೆಂದೇ ಮಾಡಿದ್ದು. ಬರೋಲೊ ಎಂದು ಮಾರಬೇಕಾದರೆ ಹೆಕ್ಟೇರಿಗೆ ಎಂಟು ಟನ್‌ಗಿಂತ ಹೆಚ್ಚು ಹಣ್ಣು ತೆಗೆಯುವಂತಿಲ್ಲ. ನಮ್ಮ ಕಡೆ ಅಷ್ಟು ತೂಗಿದವನನ್ನು ಜನ ಕರುಣೆಯಿಂದ ನೋಡುತ್ತಾರೆ. ಬುಡದ ಸಂಗತಿ ಇನ್ನೂ ವಿಚಿತ್ರ: ಇಲ್ಲಿನ ಬಳ್ಳಿಯ ಬೇರು ಅಮೆರಿಕದ್ದು, ನಮ್ಮದೂ ಅಮೆರಿಕದ್ದೇ. ಇವರು ಫಿಲಾಕ್ಸೆರಾ ಎಂಬ ಬೇರು ತಿನ್ನುವ ಹೇನಿಗೆ ಹೆದರಿ ಕಸಿ ಕಟ್ಟುತ್ತಾರೆ, ನಾವು ಉಪ್ಪು ನೀರಿಗೂ ಬರಕ್ಕೂ ಹೆದರಿ ಡಾಗ್‌ರಿಜ್ ಬೇರಿಗೆ ಕಟ್ಟುತ್ತೇವೆ.

ಬರೋಲೊ ಎಂಬುದು ಒಂದು ಹಳ್ಳಿಯ ಹೆಸರು. ಆದರೆ ವೈನಿಗೆ ಆ ಹೆಸರು ಹಾಕಿಕೊಳ್ಳುವ ಹಕ್ಕು ಹನ್ನೊಂದು ಊರುಗಳಿಗಿದೆ. ಬರೋಲೊ, ಕಾಸ್ತಿಲ್ಯೋನೆ ಫಲ್ಲೆತ್ತೊ, ಸೆರ್ರಾಲುಂಗಾಗಳ ಸೀಮೆ ಪೂರ್ತಿ; ಲಾ ಮೊರ್ರಾ, ಮೋನ್ಫೋರ್ತೆ ಮೊದಲಾದ ಎಂಟು ಊರುಗಳ ಒಂದಿಷ್ಟು ಭಾಗ. ಹಣ್ಣು ನೆಬ್ಬಿಯೋಲೊ ಒಂದೇ ಇರಬೇಕು, ಬೇರೆ ಯಾವ ತಳಿಯ ಒಂದು ಹನಿಯೂ ಬೆರೆಯಬಾರದು. ಸುಗ್ಗಿಯ ವರ್ಷದ ನವೆಂಬರ್ 1ರಿಂದ ಎಣಿಸಿ 38 ತಿಂಗಳು ಮಾಗಬೇಕು. ಅದರಲ್ಲಿ ಕನಿಷ್ಠ 18 ತಿಂಗಳು ಮರದ ಪೀಪಾಯಿಯಲ್ಲಿ. ರಿಸೆರ್ವಾ ಎನಿಸಿಕೊಳ್ಳಬೇಕಾದರೆ 62 ತಿಂಗಳು. ಇದೆಲ್ಲ ಕಾನೂನು. ಸಂಪ್ರದಾಯಸ್ಥ ಮನೆಗಳು ಇದನ್ನೂ ಮೀರಿ ಕಾಯುತ್ತವೆ.

ಊರ ನಡುವಿನ ಫಲ್ಲೆತ್ತಿ ಕೋಟೆಯಲ್ಲಿ ಈಗ ವೈನ್ ಸಂಗ್ರಹಾಲಯವಿದೆ. ಬೆಳಕು, ಶಬ್ದ, ತಿರುಗುವ ಚಕ್ರಗಳ ಆಟ ಹೆಚ್ಚು, ವಿವರ ಕಡಿಮೆ. ನನಗೆ ಹಿಡಿಸಿದ್ದು ಕೋಟೆಯ ಕೊನೆಯ ಒಡತಿ ಜೂಲಿಯಾಳ ಕಥೆ. ಫ್ರಾನ್ಸಿನಿಂದ ಸೊಸೆಯಾಗಿ ಬಂದ ಈಕೆ ತೂರಿನ್‌ನ ಹೆಣ್ಣುಮಕ್ಕಳ ಜೈಲುಗಳ ಸುಧಾರಣೆಗೆ ದುಡಿದವಳು. ಆಸ್ಟ್ರಿಯನ್ನರ ಸೆರೆಯಲ್ಲಿ ವರ್ಷಗಟ್ಟಲೆ ಕೊಳೆತು ಬಂದಿದ್ದ ಕವಿ ಸಿಲ್ವಿಯೊ ಪೆಲ್ಲಿಕೊನಿಗೆ ಗ್ರಂಥಪಾಲಕನ ಕೆಲಸ ಕೊಟ್ಟು ಆಶ್ರಯ ನೀಡಿದವಳು. ಮಕ್ಕಳಿರಲಿಲ್ಲ. 1864ರಲ್ಲಿ ತೀರಿಕೊಂಡಾಗ ಆಸ್ತಿಯೆಲ್ಲ ಧರ್ಮಾರ್ಥ ಸಂಸ್ಥೆಗೆ ಹೋಯಿತು. ಇವಳ ವೈನಿನ ಕೀರ್ತಿ ಕೇಳಿ ದೊರೆ ಕಾರ್ಲೊ ಅಲ್ಬೆರ್ತೊ ರುಚಿ ನೋಡಬೇಕೆಂದನಂತೆ. ಲೆಂಟ್ ಉಪವಾಸದ ದಿನಗಳನ್ನು ಬಿಟ್ಟು ವರ್ಷದ ದಿನಕ್ಕೊಂದರಂತೆ ಬಂಡಿಗಟ್ಟಲೆ ಪೀಪಾಯಿಗಳನ್ನು ಇವಳು ಅರಮನೆಗೆ ಕಳುಹಿಸಿದಳಂತೆ. ಐತಿಹ್ಯವೇ ಇರಬಹುದು, ಉಪವಾಸದ ದಿನಗಳನ್ನು ಲೆಕ್ಕದಿಂದ ಕಳೆದದ್ದೇ ಅದಕ್ಕೆ ನಂಬಿಕೆಯ ಬಣ್ಣ ಕೊಟ್ಟಿದೆ.

ಈ ಕಥೆಯ ಜೊತೆಗೆ ತಿಳಿಯಬೇಕಾದ ಮಾತೊಂದಿದೆ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದವರೆಗೂ ಇಲ್ಲಿನ ನೆಬ್ಬಿಯೋಲೊ ವೈನ್ ಹೆಚ್ಚಾಗಿ ಸಿಹಿಯಾಗಿರುತ್ತಿತ್ತು. ತಡವಾಗಿ ಹಣ್ಣಾಗುವ ತಳಿ. ಹುದುಗು ಹಿಡಿಯುವಷ್ಟರಲ್ಲಿ ನವೆಂಬರ್ ಚಳಿ ಬಂದು, ಸಕ್ಕರೆ ಪೂರ್ತಿ ಕರಗುವ ಮೊದಲೇ ಹುದುಗು ನಿಂತುಬಿಡುತ್ತಿತ್ತು. ಮುಂದೆ ಇಟಲಿಯ ಮೊದಲ ಪ್ರಧಾನಿಯಾದ ಕಾವೂರ್ ಪಕ್ಕದ ಗ್ರಿನ್ಸಾನೆಯ ಮೇಯರ್ ಆಗಿದ್ದ. ಅವನ ಹೊಲಗಳಲ್ಲಿ ಮತ್ತು ಜೂಲಿಯಾಳ ನೆಲಮಾಳಿಗೆಯಲ್ಲಿ ಸಕ್ಕರೆ ಉಳಿಯದಂತೆ ಹುದುಗಿಸುವುದನ್ನು ಕಲಿತರು. ಎಂದರೆ ನಾವು ಸನಾತನವೆಂದು ಕೈಮುಗಿಯುವ ಈ ಸಂಪ್ರದಾಯದ ವಯಸ್ಸು ಇನ್ನೂರು ವರ್ಷವೂ ಆಗಿಲ್ಲ.

ಕೋಟೆಯಿಂದ ಇಳಿದು ವಿಯಾ ರೋಮಾ ಬೀದಿಗೆ ಬಂದರೆ ಬಾರ್ತೊಲೊ ಮಸ್ಕರೆಲ್ಲೊ ಮನೆ. ಹೊರಗಿನಿಂದ ನೋಡಿದರೆ ಬೀದಿಯ ಉಳಿದ ಮನೆಗಳಂತೆಯೇ ಇದೆ. 1926ರಲ್ಲಿ ಹುಟ್ಟಿ 2005ರಲ್ಲಿ ತೀರಿಕೊಂಡ ಬಾರ್ತೊಲೊ ಯೌವನದಲ್ಲಿ ಗೆರಿಲ್ಲಾ ಹೋರಾಟಗಾರ. ತಂದೆ ಜೂಲಿಯೊ ಸಮಾಜವಾದಿ, ಫ್ಯಾಸಿಸಂ ವಿರೋಧಿ. ಸುಮಾರು ಐದು ಹೆಕ್ಟೇರಿನ ಹಿಡುವಳಿ. ಕನ್ನೂಬಿ, ಸಾನ್ ಲೊರೆನ್ಸೊ, ರುಯೆ, ರೊಕ್ಕೆ ಈ ನಾಲ್ಕು ತೋಟಗಳ ಹಣ್ಣನ್ನು ಬೆರೆಸಿ ಒಂದೇ ಬರೋಲೊ ಮಾಡುವುದು ಅವರ ಪದ್ಧತಿ. ಒಂದೊಂದು ತೋಟದ ಹೆಸರನ್ನೂ ಲೇಬಲ್ಲಿನ ಮೇಲೆ ಹಾಕಿ ಮೂರು ಪಟ್ಟು ಬೆಲೆ ಕೇಳುವ ಕಾಲ ಬಂದಾಗಲೂ ಅವರು ಬದಲಾಗಲಿಲ್ಲ. ಮುಪ್ಪಿನಲ್ಲಿ ಗಾಲಿಕುರ್ಚಿಯಲ್ಲಿ ಕುಳಿತು ಕೈಯಿಂದಲೇ ಲೇಬಲ್ ಬಿಡಿಸುತ್ತಿದ್ದರು. 1999ರಲ್ಲಿ ಬಿಡಿಸಿದ ಒಂದರ ಮೇಲೆ ಬರೆದರು: "ನೋ ಬರೀಕ್, ನೋ ಬೆರ್ಲುಸ್ಕೋನಿ". ಬರೀಕ್ ಎಂದರೆ 225 ಲೀಟರಿನ ಫ್ರೆಂಚ್ ಓಕ್ ಪೀಪಾಯಿ. ಬೆರ್ಲುಸ್ಕೋನಿ ಎಂದರೆ ಇಟಲಿಯ ಪ್ರಧಾನಿಯಾಗಿದ್ದ ಬಲಪಂಥೀಯ ಕೋಟ್ಯಧೀಶ. ಈಗ ಮನೆ ನಡೆಸುತ್ತಿರುವುದು ಮಗಳು ಮರಿಯಾ ತೆರೇಸಾ; ಕಾಂಕ್ರೀಟ್ ತೊಟ್ಟಿ, ದೊಡ್ಡ ಪೀಪಾಯಿ, ನಾಲ್ಕು ತೋಟಗಳ ಬೆರಕೆ ಎಲ್ಲವೂ ಹಾಗೇ ಮುಂದುವರಿದಿವೆ.

ಒಂದು ಪೀಪಾಯಿಗಾಗಿ ಅಷ್ಟೊಂದು ಕೋಪವೇಕೆ? ಊರಿನ ಜಗಳದ ಕಥೆ ಕೇಳದಿದ್ದರೆ ಅರ್ಥವಾಗುವುದಿಲ್ಲ. 1970ರ ದಶಕದಲ್ಲಿ ಬರೋಲೊ ಅಗ್ಗ. ರೈತರು ಹಣ್ಣನ್ನು ವ್ಯಾಪಾರಿಗಳಿಗೆ ಕೊಟ್ಟು ಅವರು ಹೇಳಿದ ಬೆಲೆ ತೆಗೆದುಕೊಳ್ಳುತ್ತಿದ್ದರು. ಲಾ ಮೊರ್ರಾದ ಯುವಕ ಎಲಿಯೊ ಅಲ್ತಾರೆ ಫ್ರಾನ್ಸಿನ ಬರ್ಗಂಡಿಗೆ ಹೋಗಿ, ಅಲ್ಲಿನ ರೈತರ ಅನುಕೂಲ ಕಂಡು ದಂಗಾದ. ಮರಳಿ ಬಂದು 1983ರಲ್ಲಿ ತಂದೆಯ ದೊಡ್ಡ ಪೀಪಾಯಿಗಳನ್ನು ಗರಗಸ ಯಂತ್ರದಿಂದ ಕತ್ತರಿಸಿ ಹಾಕಿದ. ತಂದೆ ಅವನಿಗೆ ಆಸ್ತಿ ತಪ್ಪಿಸಿದ. ಅಲ್ತಾರೆ ಮತ್ತು ಅವನ ಗೆಳೆಯರು ಸಿಪ್ಪೆಯ ಜೊತೆ ವಾರಗಟ್ಟಲೆ ನೆನೆಸುವುದನ್ನು ಬಿಟ್ಟು ಕೆಲವೇ ದಿನಗಳಲ್ಲಿ ರಸ ಬಸಿದರು, ಹೊಸ ಬರೀಕ್‌ಗಳಲ್ಲಿ ತುಂಬಿದರು. ಬೇಗ ಕುಡಿಯಬಹುದಾದ, ಬಣ್ಣ ಗಾಢವಾದ, ವೆನಿಲ್ಲಾ ಸುಳಿಯುವ ವೈನ್. ಅಮೆರಿಕದಲ್ಲಿ ಬಿಸಿ ದೋಸೆಯಂತೆ ಹೋಯಿತು. ನಡುವೆ 1986ರಲ್ಲಿ ಮೆಥನಾಲ್ ಬೆರೆಸಿದ ಅಗ್ಗದ ವೈನ್ ಕುಡಿದು ಇಟಲಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆ ವಿಷದ ಜಾಡು ಹೋಗಿ ನಿಂತದ್ದು ಇಲ್ಲಿಂದ ಸ್ವಲ್ಪವೇ ದೂರದ ನಾರ್ಜೋಲೆಯಲ್ಲಿ. ಬರೋಲೊಗೂ ಅದಕ್ಕೂ ಸಂಬಂಧವಿರಲಿಲ್ಲ, ಆದರೆ ಕಳಂಕ ಇಡೀ ಜಿಲ್ಲೆಗೆ ತಗುಲಿತು. ತಮ್ಮ ಹೆಸರಿನಲ್ಲೇ ಬಾಟಲಿ ತುಂಬಿ, ಮುಖ ತೋರಿಸಿ ಮಾರಬೇಕೆಂಬ ಹಂಬಲ ಆಮೇಲೆ ಎರಡೂ ಬಣಗಳಲ್ಲಿ ಬಲವಾಯಿತು.

ನನ್ನ ಸಹಾನುಭೂತಿ ಯಾರ ಕಡೆ ಎಂದು ತಂಗಿ ಕೇಳಿದಳು. ರೈತನ ಮಗನಾಗಿ ಗರಗಸ ಹಿಡಿದವನ ಕಡೆಗೇ ಎಂದೆ. ಬಡತನವನ್ನು ಸಂಪ್ರದಾಯವೆಂದು ಕರೆದು ಮಗನ ತಲೆಗೆ ಕಟ್ಟುವ ಅಪ್ಪಂದಿರು ನಮ್ಮಲ್ಲೂ ಇದ್ದಾರೆ.

ಮೂರನೆಯ ದಿನ: ನೆಲಮಾಳಿಗೆ

ಕಾಸ್ತಿಲ್ಯೋನೆ ಫಲ್ಲೆತ್ತೊ ಸಮೀಪ ಬರೋಲೊ ಮಾಡುವ ಒಂದು ಮನೆಗೆ ಹೋದೆವು. ಮನೆಯವರು ಪ್ರಚಾರ ಬಯಸುವವರಲ್ಲ, ಆದ್ದರಿಂದ ಹೆಸರು ಬೇಡ. ಮೂರನೆಯ ತಲೆಮಾರು. ಅಕ್ಕ ನೆಲಮಾಳಿಗೆ ನೋಡಿಕೊಳ್ಳುತ್ತಾಳೆ, ತಮ್ಮ ತೋಟ. ಅಪ್ಪ ಎರಡೂ ಕಡೆ ಹೋಗಿ ತಪ್ಪು ಹುಡುಕುತ್ತಾನೆ. ಹೀಗೆಂದವಳು ಅಕ್ಕನೇ, ಅಪ್ಪನ ಎದುರಿನಲ್ಲೇ. ತಂಗಿ ಇಟಾಲಿಯನ್ನಿನಿಂದ ಕನ್ನಡಕ್ಕೆ ತಂದು ಹೇಳಿದಾಗ ನಾನು ನಕ್ಕೆ. ಅಪ್ಪನೂ ನಕ್ಕ, ಬಹುಶಃ ನಾನು ನಕ್ಕಿದ್ದಕ್ಕೆ.

ಹಿಂದಿನ ವಾರವಷ್ಟೇ ನೆಬ್ಬಿಯೋಲೊ ಒಳಗೆ ಬಂದಿತ್ತು. ಕಾಂಕ್ರೀಟ್ ತೊಟ್ಟಿಗಳಲ್ಲಿ ಹುದುಗು ಕುದಿಯುತ್ತಿತ್ತು. ಬಾಗಿಲು ತೆರೆದೊಡನೆ ಇಂಗಾಲಾಮ್ಲ ಮೂಗಿಗೆ ಚುಚ್ಚಿತು. ಸಿಪ್ಪೆಗಳೆಲ್ಲ ಅನಿಲದ ಒತ್ತಡಕ್ಕೆ ಮೇಲೆದ್ದು ದಪ್ಪ ಕೆನೆಯಾಗಿ ನಿಲ್ಲುತ್ತವೆ. ದಿನಕ್ಕೆರಡು ಬಾರಿ ಕೆಳಗಿನ ರಸವನ್ನು ಎತ್ತಿ ಅದರ ಮೇಲೆ ಸುರಿಯುತ್ತಾರೆ. ಮೊದಲ ಆರ್ಭಟ ತಗ್ಗಿದ ಮೇಲೆ ಹಲಗೆಗಳನ್ನು ಅಡ್ಡ ಜೋಡಿಸಿ ಸಿಪ್ಪೆಯನ್ನು ರಸದೊಳಗೆ ಮುಳುಗಿಸಿ ವಾರಗಟ್ಟಲೆ ಹಾಗೇ ಬಿಡುತ್ತಾರೆ. ಒಳ್ಳೆಯ ವರ್ಷವಾದರೆ ಸುಗ್ಗಿಯಿಂದ ಎಣಿಸಿ ಒಂದೂವರೆ ತಿಂಗಳಿಗೂ ಮೀರಿ ಸಿಪ್ಪೆಯ ಸಂಗ. ನೆಬ್ಬಿಯೋಲೊ ಸಿಪ್ಪೆ ತೆಳು, ಬಣ್ಣ ಕಡಿಮೆ, ಒಗರು ಮಾತ್ರ ವಿಪರೀತ. ಅಷ್ಟು ಹೊತ್ತು ನೆನೆಸಿದರೆ ಒಗರು ಇನ್ನೂ ಹೆಚ್ಚಬೇಕಲ್ಲ ಎಂದು ಕೇಳಿದೆ. ಮೊದಲು ಹೆಚ್ಚುತ್ತದೆ, ಆಮೇಲೆ ಒಗರಿನ ಕಣಗಳು ಒಂದಕ್ಕೊಂದು ಹೆಣೆದುಕೊಂಡು ಉದ್ದವಾಗುತ್ತ ನಾಲಿಗೆಯ ಮೇಲೆ ಮೆತ್ತಗಾಗುತ್ತವೆ ಎಂದಳು. ಆ ಹೆಣಿಗೆಗೆ ಬೇಕಾದ್ದು ಸಮಯ ಮತ್ತು ತುಸುವೇ ಗಾಳಿ.

ಗಾಳಿಯ ಲೆಕ್ಕಕ್ಕೇ ದೊಡ್ಡ ಪೀಪಾಯಿ. ಸ್ಲಾವೋನಿಯಾದ ಓಕ್ ಮರದ್ದು. ಕ್ರೊವೇಷಿಯಾದ ಕಾಡಿನಿಂದ ಬಂದದ್ದು. ಒಂದೊಂದರಲ್ಲಿ ಐದು ಸಾವಿರ ಲೀಟರ್. ಪೀಪಾಯಿ ದೊಡ್ಡದಾದಷ್ಟೂ ಒಂದು ಲೀಟರ್ ವೈನಿಗೆ ತಾಗುವ ಮರ ಕಡಿಮೆ, ಮರದ ರಂಧ್ರಗಳಿಂದ ನುಸುಳುವ ಗಾಳಿಯೂ ಕಡಿಮೆ. ಹಳೆಯದಾದಷ್ಟೂ ಮರ ತನ್ನ ರುಚಿ ಬಿಟ್ಟುಕೊಡುವುದಿಲ್ಲ. ಒಂದು ಪೀಪಾಯಿಯ ಮುಂಭಾಗದ ಪುಟ್ಟ ಬಾಗಿಲಿನಿಂದ ಒಳಗೆ ದೀಪ ಹಿಡಿದಳು: ಗೋಡೆಯ ಮೇಲೆಲ್ಲ ನೇರಳೆ ಬಣ್ಣದ ಹರಳು, ವೈನಿನ ಹುಳಿ ಗಟ್ಟಿಯಾಗಿ ಅಂಟಿದ್ದು. ತೊಳೆಯುವಾಗ ಅದನ್ನು ಕೆರೆಯಬೇಕು. ಹಿಂದೆ ಈ ಬಾಗಿಲಿನಲ್ಲಿ ತೂರಿ ಒಳಗೆ ಹೋಗುವ ಕೆಲಸ ಮನೆಯ ಮಕ್ಕಳದ್ದಂತೆ. ಅವಳೂ ಹೋಗಿದ್ದಾಳೆ. ತಮ್ಮ ದಪ್ಪಗಿದ್ದದ್ದರಿಂದ ಬಚಾವಾದ ಎಂದಳು.

ನಾನು ಕೇಳಬೇಕೆಂದು ಬಂದಿದ್ದ ಪ್ರಶ್ನೆಯನ್ನು ಇಲ್ಲಿ ಕೇಳಿದೆ: ಹಣ ಎಲ್ಲಿಂದ? ಎಂಟು ಟನ್ ಹಣ್ಣಿಗೆ ಕಾನೂನು ಒಪ್ಪುವ ವೈನ್ 5,440 ಲೀಟರ್. ಏಳು ಸಾವಿರ ಚಿಲ್ಲರೆ ಬಾಟಲಿ. ಈ ವರ್ಷದ ಹಣ್ಣು ತೊಟ್ಟಿಯಲ್ಲಿ, ಹಿಂದಿನ ಮೂರು ವರ್ಷಗಳದ್ದು ಮರದಲ್ಲಿ, ಅದಕ್ಕೂ ಹಿಂದಿನದು ಬಾಟಲಿಯಲ್ಲಿ ಮಲಗಿದೆ. ಅಷ್ಟೂ ವರ್ಷಗಳ ಕೂಲಿ, ಔಷಧಿ, ಕರೆಂಟು, ಬಾಟಲಿ, ಬಿರಡೆ ಎಲ್ಲಕ್ಕೂ ದುಡ್ಡು ಸುರಿದಾಗಿದೆ, ಒಂದು ಯುರೋ ಮರಳಿ ಬಂದಿಲ್ಲ. ಅವಳ ಉತ್ತರ ಚುಟುಕಾಗಿತ್ತು: ದೊಲ್ಚೆತ್ತೊ ಮತ್ತು ಬಾರ್ಬೆರಾ. ಆ ತಳಿಗಳ ವೈನ್ ಬೇಗ ತಯಾರಾಗಿ ಬೇಗ ಮಾರಾಟವಾಗುತ್ತದೆ. ಮನೆಯ ಖರ್ಚು ಅದರಿಂದ. ಅಜ್ಜನ ಕಾಲದಲ್ಲಿ ಎರಡು ಹಸು ಮತ್ತು ಹೇಜಲ್‌ನಟ್ ತೋಪು ಇದ್ದವಂತೆ. ಅಮ್ಮ ಹಲವು ವರ್ಷ ಆಲ್ಬಾದ ಕಾರ್ಖಾನೆಯಲ್ಲಿ ದುಡಿದಳಂತೆ. ನನ್ನ ಗುಮಾನಿ ನಿಜವಾಯಿತೆಂದು ಖುಷಿಯಾಯಿತು. ಆ ಖುಷಿಯನ್ನು ಅವಳಿಗೆ ತೋರಿಸಲಿಲ್ಲ.

ನಮ್ಮವರೂ ಕಾಯುತ್ತಾರೆ. ಒಣದ್ರಾಕ್ಷಿಯನ್ನು ಡಬ್ಬಿಗಳಲ್ಲಿ ತುಂಬಿ ಶೀತಲಗೃಹದಲ್ಲಿಟ್ಟು ಬಾಡಿಗೆ ಕಟ್ಟುತ್ತ, ಬೆಲೆ ಏರಲೆಂದು ತಿಂಗಳುಗಟ್ಟಲೆ ಕಾಯುತ್ತಾರೆ. ಆ ಕಾಯುವಿಕೆಯಲ್ಲಿ ಸರಕು ಹಳತಾಗುತ್ತದೆ, ಬಣ್ಣ ಕಂದುತ್ತದೆ, ಬಡ್ಡಿ ಬೆಳೆಯುತ್ತದೆ. ದಲ್ಲಾಳಿಗೆ ಅದು ಗೊತ್ತು, ಅವನೂ ಕಾಯುತ್ತಾನೆ. ಇಲ್ಲಿ ಕಾಯುವುದನ್ನೇ ಕಾನೂನು ಮಾಡಿ, ಯಾವೊಬ್ಬ ಬಡ ರೈತನೂ ಅವಸರಕ್ಕೆ ಬಿದ್ದು ಎಳೆಯ ವೈನನ್ನು ಬರೋಲೊ ಹೆಸರಿನಲ್ಲಿ ಸುರಿದು ಎಲ್ಲರ ಬೆಲೆ ಕೆಡಿಸದಂತೆ ಬೇಲಿ ಹಾಕಿದ್ದಾರೆ. ಮೊದಲು 1966ರಲ್ಲಿ, ಇನ್ನೂ ಬಿಗಿಯಾಗಿ 1980ರಲ್ಲಿ ಬಂದ ಈ ನಿಯಮಗಳನ್ನು ಪ್ರವಾಸಿಗರು ರಸಿಕತೆಯ ಗುರುತಾಗಿ ಓದುತ್ತಾರೆ. ನನಗೆ ಅವು ಒಳ್ಳೆಯ ಮಾರುಕಟ್ಟೆ ಕಾಯಿದೆಯಂತೆ ಕಂಡವು. ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಗುರುತು ಸಿಕ್ಕಿದೆ. ಗುರುತಿನ ಹಿಂದೆ ಇಂಥ ಬೇಲಿ ಇಲ್ಲದಿದ್ದರೆ ಬೆಳೆಗಾರನ ಕೈಗೆ ಅದರಿಂದ ಏನು ಬರುತ್ತದೆ?

ಗಾಜಿನ ನಳಿಕೆಯಿಂದ ಪೀಪಾಯಿಯ ವೈನ್ ತೆಗೆದು ಲೋಟಕ್ಕೆ ಬಿಟ್ಟಳು. ಮರದಲ್ಲಿ ಒಂದು ವರ್ಷ ಕಳೆದದ್ದು. ಬಣ್ಣ ಮಾಣಿಕ್ಯದ್ದು, ಲೋಟದಾಚೆಗಿನ ಬೆರಳು ಕಾಣುವಷ್ಟು ತೆಳು. ಮೂಗಿಗೆ ಗುಲಾಬಿ. ಬಾಯಿಗೆ ಹಾಕಿದೊಡನೆ ಒಸಡು, ಕೆನ್ನೆ, ನಾಲಿಗೆಯ ಬುಡ ಎಲ್ಲ ಒಟ್ಟಿಗೆ ಬಿಗಿದುಕೊಂಡವು. ಇದನ್ನು ಕುಡಿಯಲು ಯಾರು ದುಡ್ಡು ಕೊಡುತ್ತಾರೆ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಮುಂದೆ 2016ರದ್ದು. ಒಗರು ಅಲ್ಲೇ ಇತ್ತು, ಆದರೆ ಅಂಚು ಮೊಂಡಾಗಿತ್ತು. ಅದರ ಹಿಂದೆ ಚೆರ್ರಿ, ಒಣಗಿದ ಹೂವು, ಜೇಷ್ಠಮಧು. ಕೊನೆಗೆ ಅಪ್ಪ ತಾನಾಗಿ ಎದ್ದು ಹೋಗಿ ಹಿಂದಿನ ಸಂಜೆ ಅತಿಥಿಗಳಿಗೆಂದು ತೆರೆದಿದ್ದ 1996ರ ಬಾಟಲಿಯಲ್ಲಿ ಉಳಿದದ್ದನ್ನು ತಂದ. ಇಟ್ಟಿಗೆ ಬಣ್ಣ. ಡಾಂಬರು, ಒದ್ದೆ ಎಲೆ, ಕಿತ್ತಳೆ ಸಿಪ್ಪೆ, ಮತ್ತೆ ಅದೇ ಗುಲಾಬಿ. ಒಗರು ಇದೆಯೋ ಇಲ್ಲವೋ ಎನ್ನುವಷ್ಟು. ಯಾರೂ ವಿವರಣೆ ಕೊಡಲಿಲ್ಲ, ಬೇಕಾಗಿಯೂ ಇರಲಿಲ್ಲ. ಅಪ್ಪ ನನ್ನ ಮುಖ ನೋಡುತ್ತ ಕುಳಿತಿದ್ದ. 1996ರಲ್ಲಿ ಅಮೆರಿಕದ ವ್ಯಾಪಾರಿಗಳು ಬಂದು ಬರೀಕ್ ಕೊಳ್ಳಿರೆಂದು ಒತ್ತಾಯಿಸಿದ್ದರಂತೆ. ಕೊಂಡನಂತೆ ಕೂಡ, ಕೆಲವನ್ನು. ಅವು ಈಗ ಅಂಗಳದಲ್ಲಿ ರೋಸ್‌ಮರಿ ಗಿಡಗಳ ಕುಂಡಗಳಾಗಿವೆ.

ಹಿಂದಿನ ದಿನ ತಂಗಿಗೆ ಹೇಳಿದ್ದ ಮಾತನ್ನು ಪೂರ್ತಿ ಹಿಂತೆಗೆದುಕೊಳ್ಳಲಾರೆ. ಗರಗಸದ ಹುಡುಗರು ಬೆಲೆ ಏರಿಸದಿದ್ದರೆ ಈ ಹಟಮಾರಿ ಮನೆಗಳೂ ಉಳಿಯುತ್ತಿರಲಿಲ್ಲ. ಅವರು ತೆರೆದ ಮಾರುಕಟ್ಟೆಯಲ್ಲಿ ಇಂದು ಹೆಚ್ಚು ಬೆಲೆಗೆ ಹೋಗುತ್ತಿರುವುದು ಅವರು ಹಳಿದ ಹಳೆಯ ಬಗೆಯ ವೈನ್. ಹಟ ಮಾಡಿದವರು ತಾವು ಗೆದ್ದೆವೆಂದು ಹೇಳುತ್ತಾರೆ, ಹೇಳಲಿ.

ನಾಲ್ಕನೆಯ ದಿನ: ಸೆರ್ರಾಲುಂಗಾ

ಮಳೆ. ಸೆರ್ರಾಲುಂಗಾದ ಕಡಿದಾದ ಕೋಟೆಯನ್ನು ಕೊಡೆ ಹಿಡಿದು ಹೊರಗಿನಿಂದ ನೋಡಿದೆವು. ದಾರಿಯಲ್ಲಿ ಫೊಂತಾನಾಫ್ರೆದ್ದಾ: ದೊರೆ ಎರಡನೆಯ ವಿತ್ತೋರಿಯೊ ಎಮನುಯೆಲೆ ತನ್ನ ಪ್ರೇಯಸಿ ರೋಸಾಗೆ ಕೊಟ್ಟ ಎಸ್ಟೇಟ್. ಹಳದಿ ಕೆಂಪು ಪಟ್ಟೆಯ ಕಟ್ಟಡಗಳು, ಪ್ರವಾಸಿ ಬಸ್ಸುಗಳು. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಮಳೆ ಬಿಟ್ಟ ಮೇಲೆ ಇಳಿಜಾರಿನ ಒಂದು ತೋಟದಲ್ಲಿ ಕೊನೆಯ ಕೊಯ್ಲು ನಡೆಯುತ್ತಿತ್ತು. ಕೆಂಪು ಪ್ಲಾಸ್ಟಿಕ್ ಬುಟ್ಟಿ ಹಿಡಿದವರಲ್ಲಿ ನನಗೆ ಇಟಾಲಿಯನ್ ಮುಖ ಕಾಣಲಿಲ್ಲ. ಕೆಲವರು ಉತ್ತರ ಮ್ಯಾಸಿಡೋನಿಯಾದವರು, ಕೆಲವರು ಪಶ್ಚಿಮ ಆಫ್ರಿಕಾದವರು ಎಂದು ತಂಗಿ ಮಾತಾಡಿಸಿ ತಿಳಿದಳು. ಗುತ್ತಿಗೆದಾರರ ಕೈಕೆಳಗಿನ ಕೂಲಿಗಳ ಶೋಷಣೆಯ ಬಗ್ಗೆ ಈ ಜಿಲ್ಲೆಯಲ್ಲಿ ಪೊಲೀಸ್ ತನಿಖೆಗಳು ನಡೆದಿವೆ. 2014ರಲ್ಲಿ ಈ ಗುಡ್ಡಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಯುನೆಸ್ಕೊ ಫಲಕ ರಸ್ತೆಯುದ್ದಕ್ಕೂ ಸಿಗುತ್ತದೆ. ಸಂಗ್ರಹಾಲಯದಲ್ಲಿ ದೊರೆಗಳೂ ಜೂಲಿಯಾಳಂಥ ಕೋಟೆಯ ಒಡೆಯರೂ ಎದ್ದು ಕಂಡರು. ಈ ಬುಟ್ಟಿಗಳು ನನ್ನ ಕಣ್ಣಿಗೆ ಬೀಳಲಿಲ್ಲ.

ಇನ್ನೊಂದು ಸಂಕಟ ಮನೆಯೊಳಗಿನದು. ಹೆಕ್ಟೇರಿಗೆ ಹತ್ತು ಲಕ್ಷ ಯುರೋ ದಾಟಿದ ನೆಲವನ್ನು ಅಕ್ಕತಮ್ಮಂದಿರು ಹಂಚಿಕೊಳ್ಳುವುದು ಹೇಗೆ? ತೋಟದಲ್ಲಿ ದುಡಿಯುವವನು ಮಿಲಾನ್‌ನಲ್ಲಿರುವ ಅಣ್ಣನ ಪಾಲನ್ನು ಯಾವ ದುಡ್ಡಿನಿಂದ ಕೊಳ್ಳಬೇಕು? ಕಾಸ್ತಿಲ್ಯೋನೆ ಫಲ್ಲೆತ್ತೊದ ಪ್ರಸಿದ್ಧ ವಿಯೆತ್ತಿ ಮನೆ 2016ರಲ್ಲಿ ಅಮೆರಿಕದ ಕ್ರೌಸೆ ಕುಟುಂಬದ ಪಾಲಾಯಿತು. ನಾವು ನೋಡಿದ ಮನೆಯ ಅಕ್ಕನಿಗೂ ಕೊಳ್ಳುವವರ ಪತ್ರಗಳು ಬರುತ್ತಿರುತ್ತವೆಯಂತೆ. ಉತ್ತರ ಬರೆಯುತ್ತೀರಾ ಎಂದಿದ್ದಕ್ಕೆ, ಸುಗ್ಗಿ ಮುಗಿಯಲಿ ಎಂದಿದ್ದಳು. ಅವಳ ಮಗಳಿಗೆ ಹದಿನಾಲ್ಕು ವರ್ಷ, ವೈನಿನ ವಾಸನೆ ಆಗುವುದಿಲ್ಲ.

ಭಾರತಕ್ಕೆ ಸುಂಕವಿಲ್ಲದೆ ಒಯ್ಯಬಹುದಾದದ್ದು ಎರಡು ಲೀಟರ್, ಎಂದರೆ ಎರಡು ಬಾಟಲಿ. ಒಂದು ಬರೋಲೊ, ಇನ್ನೊಂದು ಈ ವರ್ಷವೇ ಕುಡಿಯುವ ದೊಲ್ಚೆತ್ತೊ ಕೊಂಡೆ. ಬರೋಲೊವನ್ನು ಇನ್ನೂ ಹತ್ತು ವರ್ಷ ತೆರೆಯಬೇಡಿ, ಹದಿನೈದು ಡಿಗ್ರಿ ಮೀರದ ಜಾಗದಲ್ಲಿ ಮಲಗಿಸಿಡಿ ಎಂದು ಅಂಗಡಿಯವರು ಹೇಳಿದರು. ವಿಜಯಪುರದ ಬೇಸಿಗೆಯಲ್ಲಿ ಅಂಥ ಜಾಗ ಎಲ್ಲಿದೆ ಎಂದು ಫೋನಿನಲ್ಲಿ ಅಣ್ಣನನ್ನು ಕೇಳಿದೆ. ಒಣದ್ರಾಕ್ಷಿ ಇಟ್ಟಿರುವ ಶೀತಲಗೃಹದಲ್ಲಿ ಇಡೋಣ, ಬಾಟಲಿಗೂ ಬಾಡಿಗೆ ಕೇಳುತ್ತಾರೋ ವಿಚಾರಿಸುತ್ತೇನೆ ಎಂದ.